ವೀರರ ಬಾಗಿಲಲ್ಲಿ ಎನೆರಿಯಾ ಆಡಿದ ಮಾತು

ರಾಜಧಾನಿ ಸಾಂತೊ ಡೊಮಿಂಗೊದ ಹಳೇ ಪೇಟೆ ಇನ್ನೂ ಕಣ್ಣು ಬಿಟ್ಟಿಲ್ಲ. ವೀರರ ಸ್ಮಾರಕದೊಳಗೆ ಎನೆರಿಯಾ ಮಂಡಿಯೂರಿ ಕೂತಿದ್ದಾಳೆ. ಒಂದು ಕಾಲಕ್ಕೆ ಪಾದ್ರಿಗಳು ಪೂಜೆ ನಡೆಸುತ್ತಿದ್ದ ಚರ್ಚು ಇದು. ಈಗ ಗಣರಾಜ್ಯಕ್ಕಾಗಿ ಬಾಳು ಸವೆಸಿದವರು ಇಲ್ಲಿ ಅಮೃತಶಿಲೆಯಡಿ ಮಲಗಿದ್ದಾರೆ. ಅವರ ಹೆಸರುಗಳ ಅಕ್ಷರದ ಸಂದಿಯಿಂದ ಧೂಳು ತೆಗೆಯುವುದು, ಆರದ ಜ್ಯೋತಿಯ ಸುತ್ತ ಕೂತ ಮಸಿ ಒರೆಸುವುದು ಅವಳ ಕೆಲಸ.

"ಇವರ ಮೈ ತೊಳೆದಷ್ಟು ನಾನು ಹೆತ್ತ ಮಕ್ಕಳ ಮೈ ತೊಳೆದಿಲ್ಲ ಕಣ್ರೀ" ಎಂದು ನಗುತ್ತಾಳೆ. ಐವತ್ತು ದಾಟಿದೆ, ಸೊಂಟ ಹಿಡಿದಿದೆ.

ಅವಳು ಹುಟ್ಟಿದ್ದು ಪೂರ್ವ ಸೀಮೆಯ ಕಬ್ಬಿನ ಕೂಲಿಗಳ ಕೇರಿಯಲ್ಲಿ. ತಾಯಿ ಕ್ಲೆರ್ಸಿನಾ ನೆರೆಯ ಹೈಟಿ ದೇಶದಿಂದ ಗಡಿ ದಾಟಿ ಬಂದವಳು. ಹೈಟಿಯವಳ ಮಗಳೆಂದರೆ ರಾಜಧಾನಿಯಲ್ಲಿ ಮೂಗು ಮುರಿಯುವವರೇ ಹೆಚ್ಚು. ಹಾಗಾಗಿ ಎನೆರಿಯಾ ಕೆಲಸಕ್ಕೆ ಸೇರುವಾಗಲೇ, ತಾಯಿ ತೀರಿಕೊಂಡಿದ್ದಾಳೆ ಎಂದುಬಿಟ್ಟಳು. ಸುಳ್ಳು ಹಾಗೇ ನಡೆದುಕೊಂಡು ಬಂತು.

ಹೋದ ವರ್ಷ ಒಂದು ಬೆಳಗ್ಗೆ ಆ ತಾಯಿಯೇ ಸ್ಮಾರಕದ ಬಾಗಿಲಿಗೆ ಬಂದಳು. ತಲೆಗೆ ಬಣ್ಣದ ಬಟ್ಟೆ, ಕಂಕುಳಲ್ಲಿ ಕೊಬ್ಬರಿ ಮಿಠಾಯಿಯ ಡಬ್ಬಿ.

"ನಿನ್ನ ಹೆಸರು ಹೇಳ್ತಿದೆ ಈ ಮುದುಕಿ. ಯಾರಿದು?" ಕಾವಲಿನ ಸಾರ್ಜೆಂಟ್ ಫರ್ಮಿನ್ ಕೇಳಿದ.

"ಗೊತ್ತಿಲ್ಲ ಸಾರ್ಜೆಂಟ್ರೇ. ಯಾರೋ ಮಿಠಾಯಿ ಮಾರೋಳು."

ಕ್ಲೆರ್ಸಿನಾ ಮಗಳ ಮುಖವನ್ನೊಮ್ಮೆ ನೋಡಿದಳು. "ಹೌದಪ್ಪಾ, ತಪ್ಪಿ ಬಂದೆ. ಮಿಠಾಯಿ ಬೇಕೇನು?" ಎಂದು ಹರಕುಮುರುಕು ಸ್ಪ್ಯಾನಿಷ್‌ನಲ್ಲಿ ಹೇಳಿ ಡಬ್ಬಿ ತೆರೆದಳು. ಫರ್ಮಿನ್ ಒಂದು ಕೊಂಡ. ತಾನೂ ಕೊಳ್ಳದಿದ್ದರೆ ಅನುಮಾನ ಬರುತ್ತದೆಂದು ಎನೆರಿಯಾ ಕೂಡ ಚಿಲ್ಲರೆ ಕೊಟ್ಟು ಒಂದು ತೆಗೆದುಕೊಂಡಳು. ಮಗಳಿಗೆಂದೇ ಮಾಡಿ ತಂದದ್ದನ್ನು ತಾಯಿ ಮಗಳಿಗೇ ಮಾರಿ ಹೋದಳು.

"ನುಂಗೋಕೆ ಆಗ್ಲಿಲ್ಲ, ಉಗಿಯೋಕೂ ಆಗ್ಲಿಲ್ಲ" ಎನ್ನುತ್ತಾಳೆ ಎನೆರಿಯಾ. ಅಮೃತಶಿಲೆ ಒರೆಸುತ್ತಿದ್ದ ಬಟ್ಟೆ ನಿಂತುಬಿಟ್ಟಿದೆ.

ಆ ಭಾನುವಾರ ಕೇರಿಗೆ ಹೋಗಿ ತಾಯಿಯ ಕಾಲು ಹಿಡಿದಳು. "ಕೆಲಸ ಉಳೀತಲ್ಲ, ಬಿಡು ಮಗಾ. ಮೊದ್ಲು ಊಟ ಮಾಡು" ಎಂದಳು ತಾಯಿ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ ಎಂದು ಎನೆರಿಯಾಗೆ ಈಗಲೂ ಅನ್ನಿಸುತ್ತದೆ.

ಸೋಮವಾರ ಫರ್ಮಿನ್ ಎದುರು ನಿಂತು ಹೇಳಿಯೇಬಿಟ್ಟಳು: "ಅವತ್ತು ಬಂದಿದ್ದು ನಮ್ಮಮ್ಮ."

"ಗೊತ್ತು ಕಣೇ" ಅಂದ ಅವನು. "ನಡಿಗೆ ಥೇಟ್ ನಿಂದೇ. ನೀನೇ ಹೇಳ್ತೀಯೇನೋ ಅಂತ ನೋಡ್ತಾ ನಿಂತಿದ್ದೆ."

ಯಾರೂ ಅವಳನ್ನು ಕೆಲಸದಿಂದ ತೆಗೆಯಲಿಲ್ಲ. ಯಾತಕ್ಕೆ ಅಷ್ಟು ಹೆದರಿದ್ದಳೋ ಅದು ಆಗಲೇ ಇಲ್ಲ.

ಕ್ಲೆರ್ಸಿನಾ ಮತ್ತೆ ಬಂದಿಲ್ಲ. ಕರೆದಾಗಲೆಲ್ಲ ಮಂಡಿನೋವು ಅನ್ನುತ್ತಾಳೆ. ಸಂತೆಗೆ ಮಾತ್ರ ನಡೆದೇ ಹೋಗುತ್ತಾಳೆ.

"ಒಂದು ಸಲ ಬರ್ಲಿ ಸಾಕು" ಎನ್ನುತ್ತಾಳೆ ಎನೆರಿಯಾ. "ಬೀದಿಗೆಲ್ಲ ಕೇಳೋ ಹಾಗೆ 'ಅಮ್ಮಾ' ಅಂತ ಕೂಗ್ತೀನಿ. ಇವಳ್ಯಾರೋ ಗೊತ್ತಿಲ್ಲ ಅಂತ ಅವಳಂದ್ರೂ ಅನ್ಲಿ. ನಂಗೆ ಸಲ್ಲಬೇಕಾದ್ದೇ ಅದು."