ಕೈ ಹಿಡಿಯುವ ಪ್ರೋಟೀನು

ಪುಟ್ಟಿ, ಗುಂಡಾ, ಇದು ನಿಮ್ಮ ಅವ್ವ ಎಂ.ಎಸ್ಸಿ. ಓದುತ್ತಿದ್ದಾಗಿನ ಮಾತು. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ನಿಮ್ಮ ಅಜ್ಜ ಆಗಲೇ ತೀರಿಕೊಂಡಿದ್ದರು. ಅವಳು ಕಲಬುರಗಿಯ ಗಾಜಿಪುರದಲ್ಲಿ ಬಾಡಿಗೆ ಖೋಲಿ ಹಿಡಿದಿದ್ದಳು. ನಿಮ್ಮ ಅಜ್ಜಿ ನಾನು, ಮಗಳನ್ನು ನೋಡಲು ಕಮಲಾಪುರದಿಂದ ಬಸ್ಸು ಹತ್ತಿ ಹೋಗಿದ್ದೆ. ಮರುದಿನ ಅವಳು ತರಗತಿಯಲ್ಲಿ ಎಲ್ಲರೆದುರು ನಿಂತು ಒಂದು ವಿಷಯ ವಿವರಿಸಬೇಕಿತ್ತು. ನನ್ನ ಹಾಗೆಯೇ ಅವಳಿಗೂ ನಾಲ್ಕು ಜನರ ಮುಂದೆ ಬಾಯಿ ಕಟ್ಟುತ್ತಿತ್ತು. ಹಿಂದಿನ ಸಲ ನಡುವೆಯೇ ಅಳುತ್ತ ಕೂತುಬಿಟ್ಟಿದ್ದಳಂತೆ.

"ನನಗ ಹೇಳು," ಎಂದೆ.

"ನೀ ಊರ ಸಾಲ್ಯಾಗ ಏಳನೇ ಕಲ್ತಾಕಿ. ನಿನಗೇನು ತಿಳೀತದ ಯವ್ವಾ?"

"ತಿಳೀದಿದ್ರೂ ನಗಂಗಿಲ್ಲ, ಹೇಳು."

ಅವಳು ನೆಲದ ಮೇಲೆ ದಾರ ಹಾಸಿ, ಇದು ಡಿಎನ್‌ಎ ಎಂದಳು. ಕಪ್ಪೆಯಿರಲಿ, ಮನುಷ್ಯನಿರಲಿ, ಜೀವಕೋಶ ಎರಡಾಗುವ ಮೊದಲು ಈ ದಾರದ ಇನ್ನೊಂದು ಪ್ರತಿ ಆಗಬೇಕು. ಆ ಕೆಲಸ ಎಷ್ಟೋ ಕಡೆ ಒಟ್ಟಿಗೆ ನಡೆಯುತ್ತದೆ. ಶುರುವಾಗುವ ಒಂದೊಂದು ಜಾಗದಲ್ಲೂ ಎಳೆ ಬಿಚ್ಚುವ ಪ್ರೋಟೀನು ಮೊದಲೇ ಬಂದು ಕೂತಿರಬೇಕು. ಆ ಪ್ರೋಟೀನಿನ ಬದಲಿಗೆ ನನ್ನ ಕೈಯಿಂದ ಅಲ್ಲಲ್ಲಿ ತೊಗರಿ ಕಾಳು ಇಡಿಸಿದಳು. "ನಿನ್ನ ಕೈನೂ ಒಂದು ಪ್ರೋಟೀನೇ ತಿಳಿ, ಕಾಳು ಕೂಡಿಸೋದು."

"ಈಗ ಶುರು," ಎಂದು ಒಂದು ಕಾಳನ್ನು ದಾರದ ಗುಂಟ ಸರಿಸಿದಳು. ಅದರ ಜಾಗ ಖಾಲಿಯಾಯಿತು. ಊಟಕ್ಕೆ ಕೂತವರ ತಾಟು ಖಾಲಿ ಕಂಡರೆ ಕೇಳದೆ ಬಡಿಸುವ ಕೈ ನನ್ನದು. ತಟ್ಟನೆ ಅಲ್ಲಿ ಇನ್ನೊಂದು ಕಾಳು ಇಡಹೋದೆ.

ಅವಳು ನನ್ನ ಮಣಿಕಟ್ಟು ಹಿಡಿದಳು. "ಇಡಬ್ಯಾಡ! ಇಟ್ರ ಅದೇ ಜಾಗ ಎರಡನೇ ಸಲ ಶುರು ಆಗ್ತದ, ಕೋಶ ಕೆಡ್ತದ. ಹಿಂಗ ಕೈ ಹಿಡಿಯೋ ಪ್ರೋಟೀನ್ ಒಂದದ. ಜೆಮಿನಿನ್ ಅಂತಾರ."

"ಎಷ್ಟೊತ್ತು ಹಿಡೀತದ? ಹಂಚಿನ ಮ್ಯಾಲ ರೊಟ್ಟಿ ಹೊತ್ತಾಕತ್ತದ, ಬಿಡು!"

ಅವಳು ನಕ್ಕಳು, ಆಮೇಲೆ ನೋಟ್‌ಬುಕ್ಕು ತಿರುವಿದಳು. "ಕೋಶ ಎರಡಾಗೋ ಹೊತ್ತಿಗೆ ಜೆಮಿನಿನ್ನೇ ನಾಶ ಆಗ್ತದ. ಆಮ್ಯಾಲ ಮತ್ತ ಕಾಳು ಇಡಬಹುದು."

ಹೊತ್ತಿದ ರೊಟ್ಟಿ ತಿನ್ನುತ್ತ ನಾನು ಕೇಳುತ್ತಲೇ ಇದ್ದೆ. ಕೈ ಬಿಡುವ ಹೊತ್ತಾಯಿತೆಂದು ಆ ಜೆಮಿನಿನ್‌ಗೆ ಯಾರು ಹೇಳುತ್ತಾರೆ? ಅವಳು ಮತ್ತೆ ಮತ್ತೆ ಹಾಳೆ ತಿರುವಿದಳು.

ಮರುದಿನ ಮಧ್ಯಾಹ್ನ ಓಡುತ್ತ ಬಂದಳು. ನಡುವೆ ಮಾತು ನಿಂತೇಹೋಗಿತ್ತಂತೆ. ಆಗ ತನ್ನ ಒಂದು ಕೈಯಿಂದ ಇನ್ನೊಂದು ಕೈಯ ಮಣಿಕಟ್ಟು ಹಿಡಿದು, "ಜೆಮಿನಿನ್ ಮಾಡೋದು ಹಿಂಗ ರೀ ಸರ್," ಎಂದು ಕೊನೆಯವರೆಗೂ ಹೇಳಿದ್ದಳು.

"ಯಾವಾಗ ಬಿಡ್ತದ ಅಂತ ಸರ್ ಕೇಳಿದ್ರು ಯವ್ವಾ! ನಿಂದೇ ಪ್ರಶ್ನೆ!"

ನಾನು ಹೊರಗೆ ಯಾರನ್ನೂ ಏನನ್ನೂ ಕೇಳಿದವಳಲ್ಲ. ಅಷ್ಟು ಓದಿದವರ ಬಾಯಲ್ಲಿ ನನ್ನ ಪ್ರಶ್ನೆ ಬಂದದ್ದು ಅದೊಂದೇ ಸಲ, ಅದಕ್ಕೇ ಇದನ್ನು ಬರೆದಿಟ್ಟೆ. ಆ ನೋಟ್‌ಬುಕ್ಕು ನಿಮ್ಮ ಅವ್ವನ ಪೆಟ್ಟಿಗೆಯಲ್ಲಿದೆ. ಈ ಹಾಳೆಗಳನ್ನೂ ಅದರೊಳಗೇ ಇಟ್ಟು, ನೀರು ತಾಗದಂತೆ ನೋಡಿಕೊಳ್ಳಿ.