ಬಂದರಿನಲ್ಲಿ ಹೊಲಿದ ಚಪ್ಪಲಿ

ಅಥಣಿಯಲ್ಲಿ ನಮ್ಮ ನೆರೆಯ ಕಾಕಾ ಚಪ್ಪಲಿ ಹೊಲಿಯುವ ಮನೆತನದವರು. ಮಾತಾಡುವಾಗ ಅವರ ಕಣ್ಣು ಎದುರಿನವರ ಕಾಲ ಮೇಲಿರುತ್ತಿತ್ತು. ಎಂಬತ್ತರ ದಶಕದಲ್ಲಿ ಪ್ರವಾಸಿ ಹಡಗೊಂದರಲ್ಲಿ ಬಟ್ಟೆ ಒಗೆಯುವ ಕೆಲಸಕ್ಕಿದ್ದಾಗ, ಕೆರಿಬಿಯನ್ ಬಂದರೊಂದರಲ್ಲಿ ಒಂದು ದಿನ ಇಳಿದಿದ್ದರು.

“ಊರ ಹೆಂಗಿತ್ರಿ ಕಾಕಾ?” ಎಂದು ಕೇಳಿದೆ.

“ಊರ ಎಲ್ಲಿ ನೋಡಿದ್ನಿಪಾ. ಚಪ್ಪಲ ಹೊಲಿಯಾಂವ ಒಬ್ಬ ಸಿಕ್ಕ. ಅವನ ಮಾತ ನನಗ ತಿಳೀಲಿಲ್ಲ, ನಂದ ಅವಗ ತಿಳೀಲಿಲ್ಲ. ಅವನ ಉಳಿ, ಸೂಜಿ, ಹತ್ಯಾರ ಎಲ್ಲಾ ಇಸ್ಕೊಂಡ, ಸಂಜೀತನಾ ಕುಂತ ಮಗಳಿಗೆ ಒಂದ ಜೋಡ ಹೊಲದೆ.”

ಮಗಳ ಪಾದವನ್ನು ಕಾಗದದ ಮೇಲಿಟ್ಟು, ಸುತ್ತ ಗೆರೆ ಎಳೆದುಕೊಂಡು ಒಯ್ದಿದ್ದರು. ಚಪ್ಪಲಿ ಹೊಲಿದ ಆ ದಿನಕ್ಕೆ ಹುಡುಗಿ ಜ್ವರದಿಂದ ತೀರಿಕೊಂಡು ತಿಂಗಳಾಗಿತ್ತು. ದೂರದಲ್ಲಿರುವವನು ಒಬ್ಬನೇ ಹೇಗೆ ತಡೆದುಕೊಂಡಾನೆಂದು ಮನೆಯವರು ಪತ್ರದಲ್ಲಿ ಬರೆದಿರಲಿಲ್ಲ.

ಚಪ್ಪಲಿಯನ್ನೂ ಆ ಕಾಗದವನ್ನೂ ತಂದು ತೋರಿಸಿದರು. ಅದು ಕಾಗದದ ಗೆರೆಗಿಂತ ಉದ್ದವಿತ್ತು.

“ಬೆಳಿಯೂ ಕಾಲ ನೋಡಪಾ,” ಎಂದರು. “ಒಂದ ಬೆರಳ ಜಾಸ್ತಿ ಬಿಟ್ಟಿದ್ನಿ.”