ವರಾಂಡದಲ್ಲಿ ಅವ್ವನ ನಡಿಗೆ

ಮೊದಲು ನಿಂತದ್ದು ಅವ್ವನ ಹಾಡು. ದೇವರ ಹಿಪ್ಪರಗಿಯ ಖಾನಾವಳಿಯಲ್ಲಿ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುವಾಗ ಹಾಡುವುದು ಅವಳ ರೂಢಿ. ಆ ಚಳಿಗಾಲ ಒಂದು ನುಡಿ ಮುಗಿಸಲೂ ಉಸಿರು ಸಾಲಲಿಲ್ಲ. ಬಳಿಕ ಕೊಡ ಹೊತ್ತು ಬರುವಾಗ ನಡುದಾರಿಯಲ್ಲಿ ನಿಲ್ಲತೊಡಗಿದಳು.

ನಮ್ಮ ಮನೆತನದಲ್ಲಿ ಬಿ.ಎ. ಮುಗಿಸಿದವಳು ನಾನೊಬ್ಬಳೇ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಓದಿಸಿದ್ದು ಆ ಒಲೆ. ಅವ್ವನ ಎದೆ ಕೆಡಿಸಿದ್ದೂ ಅದೇ ಒಲೆ.

ಬಿಜಾಪುರದಲ್ಲಿ ತೆಗೆಸಿದ ಎಕ್ಸ್‌ರೇ ನೋಡಿ ಸಿಂದಗಿಯ ಡಾಕ್ಟರು ಟಿ.ಬಿ. ಅಲ್ಲ ಎಂದರು. ಕ್ರಾನಿಕ್ ಬ್ರಾಂಕೈಟಿಸ್, ಹೊಗೆ ಕುಡಿದು ಕುಡಿದು ಶ್ವಾಸನಾಳ ಕೆಟ್ಟಿದೆ ಎಂದರು. ಪೂರಾ ವಾಸಿಯಾಗುವಂಥದ್ದಲ್ಲ, ಸಂಭಾಳಿಸಿಕೊಂಡು ಹೋಗಬೇಕು.

ಅವ್ವ ಕೇಳಿದ್ದು ಒಂದೇ ಮಾತು. "ಕೆಲಸಕ್ಕ ಹೋಗ್ಲೇನ್ರಿ?"

"ನಡಿಸಿ ನೋಡಿ ಹೇಳ್ತೇನ್ರಿ. ದಮ್ಮು ಅಳಿಯೋ ದೊಡ್ಡ ಮಷಿನ್ ನಮ್ಮಲ್ಲಿಲ್ಲ. ವರಾಂಡಾ ಐತಿ, ಗಡಿಯಾರ ಐತಿ. ಆದಷ್ಟು ಜೋರ ನಡೀರಿ, ದಮ್ಮು ಹತ್ತಿದ್ರ ನಿಲ್ರಿ."

ಜೊತೆಗೆ ತಾವೂ ಹೊರಟರು. ಅವ್ವ ಸೆರಗು ಹೊದ್ದು ಅವರ ಹಿಂದೆ ನಡೆದಳು. ಅವರು ನಿಧಾನ ಮಾಡಿದರು, ಅವಳೂ ನಿಧಾನ ಮಾಡಿದಳು. ಅವರು ಇನ್ನೂ ನಿಧಾನಿಸಿದರು. ಕೊನೆಗೆ ಇಬ್ಬರೂ ನಿಂತೇಬಿಟ್ಟರು. ಡಾಕ್ಟರರ ಮುಖ ಸಣ್ಣದಾಯಿತು.

"ಕೆಲಸ ಬಿಡ್ರಿ. ಮನ್ಯಾಗ ಕುಂತಿರ್ರಿ."



ಅವ್ವನನ್ನು ನೋಡಿದೆ. ಏದುಸಿರೇ ಇರಲಿಲ್ಲ. "ಯಾಕ ಯವ್ವಾ, ಬಸ್‌ಸ್ಟ್ಯಾಂಡಿನಿಂದ ಇದಕ್ಕಿಂತ ಜೋರ ನಡದು ಬಂದ್ಯಲ್ಲ?"

"ಡಾಕ್ಟರ್ ಸಾಹೇಬ್ರನ್ನ ದಾಟಿ ಹ್ಯಾಂಗ ನಡೀಲಿ? ಬಿ.ಎ. ಮಾಡೀದಿ, ಅಷ್ಟೂ ತಿಳೀಲಿಲ್ಲೇನ?"

ಡಾಕ್ಟರು ನಕ್ಕುಬಿಟ್ಟರು. "ತಪ್ಪು ನಂದ್ರೀ ಯವ್ವಾ" ಎಂದು ಹೋಗಿ ಕುರ್ಚಿಯಲ್ಲಿ ಕೂತರು.

ಈ ಸಲ ಅವ್ವ ಒಬ್ಬಳೇ ಸರಸರ ನಡೆದಳು. ಕೆಲವು ಸುತ್ತಾದ ಮೇಲೆ ಕಂಬ ಹಿಡಿದು ನಿಂತಳು. ಎದೆ ತಿದಿಯಂತೆ ಆಡುತ್ತಿತ್ತು. ಉಸಿರು ತಹಬಂದಿಗೆ ಬಂದಾಗ, ಯಾರೂ ಹೇಳದೆಯೇ, ಮತ್ತೆ ಹೊರಟಳು. ಗಡಿಯಾರ ನೋಡುತ್ತಿದ್ದ ಡಾಕ್ಟರೇ ಸಾಕೆಂದರು.

"ಮನ್ಯಾಗ ಕುಂದ್ರೂದು ಬ್ಯಾಡ್ರಿ. ದಿನಾ ನಡೀಬೇಕು. ಒಲಿ ಮುಂದ ಮಾತ್ರ ಕುಂದ್ರಬ್ಯಾಡ್ರಿ."

ಈಗ ಖಾನಾವಳಿಯ ಒಲೆ ಬೇರೆಯವಳದು. ಅವ್ವ ಬಾಗಿಲ ಬಳಿ ಗಾಳಿಗೆ ಕೂತು ಕಾಯಿಪಲ್ಲೆ ಹೆಚ್ಚುತ್ತಾಳೆ. ಆ ಹೆಂಗಸಿನ ರೊಟ್ಟಿ ದಪ್ಪ ಎಂದು ದಿನಾ ಗೊಣಗುತ್ತಾಳೆ. ಹಾಡು ಮರಳಿಲ್ಲ. ಗೊಣಗಲು ಉಸಿರು ಸಾಲುತ್ತಿದೆ, ಅಷ್ಟು ಸಾಕು.

ಸಂಜೆ ಇಬ್ಬರೂ ನಡೆಯಲು ಹೋಗುತ್ತೇವೆ. ಎದುರಿಗೆ ಹಿರಿಯರು ಬಂದರೆ ಅವ್ವ ಪಕ್ಕಕ್ಕೆ ಸರಿದು, ಸೆರಗು ಸರಿಮಾಡಿಕೊಂಡು ನಿಲ್ಲುತ್ತಾಳೆ. ನಿನ್ನೆ ದಾರಿಯಲ್ಲಿ ಯಾರೂ ಇರಲಿಲ್ಲ. ಆದರೂ ಸೆರಗು ಸರಿಮಾಡಿಕೊಳ್ಳುತ್ತ ನಿಂತಳು.

ನಾನೂ ನಿಂತೆ. ಉಸಿರು ತಹಬಂದಿಗೆ ಬಂದ ಮೇಲೆ ಅವಳೇ "ನಡಿ" ಅಂದಳು.